ವಿಕ್ಸಮ್‌ನಲ್ಲಿ ಕಲಿಸಿದ ಬಾಯಿಪಾಠ

ಓಹೇರ್

ಇಪ್ಪತ್ತಾರು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಣೆ ಮಾಡಿದವಳಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ ಕಾಣಿಸುತ್ತಾರೆ. ಚೀಟಿ ತಂದವರು ಒಂದು ಬಗೆ, ತಂದ ಚೀಟಿಯನ್ನು ಚೆನ್ನಾಗಿ ಬಚ್ಚಿಟ್ಟವರು ಇನ್ನೊಂದು. ಹರಿಹರದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಈ ಅನುಮಾನದ ಗುಣ ಸಂಬಳದ ಜೊತೆಯಲ್ಲೇ ಬಂದದ್ದು. ರಜೆಯಲ್ಲೂ ಅದು ಬಿಡುವುದಿಲ್ಲ. ತರಕಾರಿಯವನ ತಕ್ಕಡಿ, ಹಾಲಿನವನ ನೊರೆ, ಮದುವೆ ಮನೆಯಲ್ಲಿ ಅತಿಯಾಗಿ ನಗುವ ಬೀಗರು, ಎಲ್ಲರನ್ನೂ ಒಮ್ಮೆ ಬಗ್ಗಿ ನೋಡಿಯೇ ಮುಂದೆ ಹೋಗುವವಳು ನಾನು.

ಎರಡು ಸಾವಿರದ ನಾಲ್ಕರ ಏಪ್ರಿಲ್ ಕೊನೆಯಲ್ಲಿ ಷಿಕಾಗೋದ ಓಹೇರ್ ನಿಲ್ದಾಣದಲ್ಲಿ ಇಳಿದಾಗ ಮಾತ್ರ ಮೇಲ್ವಿಚಾರಕರು ಅವರಾಗಿದ್ದರು, ಪರೀಕ್ಷೆಗೆ ಕೂತವಳು ನಾನಾಗಿದ್ದೆ. ಗಾಜಿನ ಹಿಂದೆ ಕೂತ ಅಧಿಕಾರಿ ನನ್ನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಎರಡು ಸಲ ಓದಿದ. ಮೆಹರುನ್ನೀಸಾ ಎಂಬ ಹೆಸರಿಗೆ ಆಗ ಆ ದೇಶದಲ್ಲಿ ಎರಡು ಸಲ ಓದಿಸಿಕೊಳ್ಳುವ ಯೋಗವಿತ್ತು. ಬಳಿಕ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ನನ್ನ ಚೀಲದಿಂದ ಮಂಡಕ್ಕಿಯ ದೊಡ್ಡ ಪೊಟ್ಟಣ ಹೊರಬಂತು. ದಾವಣಗೆರೆ ಸೀಮೆಯವರು ಮಂಡಕ್ಕಿ ಇಲ್ಲದೆ ತಂಗಿಯ ಮನೆಗೆ ಹೋಗುವುದು ಹೇಗೆ? ಅಲ್ಲಿದ್ದ ಒಬ್ಬ ಅಧಿಕಾರಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಇದೇನು ಎಂದ. ಅಕ್ಕಿ ಎಂದೆ. ಅಕ್ಕಿ ಹೀಗಿರುವುದಿಲ್ಲ ಎಂದ. ನಾನು ಪೊಟ್ಟಣ ಬಿಚ್ಚಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಇಬ್ಬರು ಅಧಿಕಾರಿಗಳು ನನ್ನ ಬಾಯಿಯನ್ನೇ ನೋಡುತ್ತ ನಿಂತರು. ಕೊನೆಗೆ ಪೊಟ್ಟಣ ಅಲ್ಲಾಡಿಸಿದವನು ನಕ್ಕು ಸ್ವಾಗತ ಹೇಳಿದ. ಅಷ್ಟು ಹೊತ್ತು ಗಂಟಿಕ್ಕಿದ್ದ ಮುಖ ಒಮ್ಮೆಲೇ ಅಷ್ಟು ಅಗಲಕ್ಕೆ ನಕ್ಕರೆ ನಾನು ನಂಬುವುದಿಲ್ಲ. ನಿಲ್ದಾಣದ ಬಾಗಿಲು ದಾಟುವವರೆಗೂ ಹಿಂದೆ ತಿರುಗಿ ನೋಡುತ್ತಲೇ ನಡೆದೆ.

ನೇಪರ್‌ವಿಲ್

ನನ್ನನ್ನು ಕರೆದೊಯ್ಯಲು ಬಂದವನು ತಂಗಿಯ ಗಂಡ ಇಲಿಯಾಸ್. ಕಾರಿನ ಭಾಗಗಳನ್ನು ಒತ್ತುವ ಅಚ್ಚುಗಳನ್ನು ಮಾಡುವ ಎಂಜಿನಿಯರ್ ಅವನು. ಮನೆ ಇರುವುದು ಡೆಟ್ರಾಯಿಟ್ ಕಡೆಯ ವಿಕ್ಸಮ್‌ನಲ್ಲಿ. ಆ ವಾರ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸವಿದ್ದುದರಿಂದ ನನ್ನನ್ನೂ ಷಿಕಾಗೋದಲ್ಲೇ ಇಳಿಸಿಕೊಂಡಿದ್ದರು. ಆ ರಾತ್ರಿ ನೇಪರ್‌ವಿಲ್‌ನಲ್ಲಿ ತಂಗಿಯ ಕಾಲೇಜು ಗೆಳತಿ ಶೈಲಜಾಳ ಮನೆಯಲ್ಲಿ ಉಳಿದೆವು.

ಆ ಬಡಾವಣೆಯಲ್ಲಿ ಒಂದು ಮನೆಗೂ ಕಾಂಪೌಂಡಿಲ್ಲ. ಕಿಟಕಿಗೆ ಕಬ್ಬಿಣದ ಸರಳಿಲ್ಲ. ಮುಂಬಾಗಿಲಿಗೆ ಗಾಜು ಬೇರೆ. ಕಳ್ಳರೇ ಇಲ್ಲದ ಊರೋ, ಕಳ್ಳರೇ ಕಟ್ಟಿಸಿದ ಊರೋ ಎಂದು ಯೋಚಿಸಿದೆ. ಎದುರು ಮನೆಯ ಮುದುಕ ನನ್ನನ್ನು ನೋಡಿದ್ದೇ ಕೈ ಬೀಸಿದ. ನನಗೂ ಅವನಿಗೂ ಏನು ಪರಿಚಯ? ನಮ್ಮೂರಲ್ಲಿ ಗುರುತಿಲ್ಲದ ಗಂಡಸು ಹಾಗೆ ಕೈ ಬೀಸಿದರೆ ಸಂಜೆಯೊಳಗೆ ಪಂಚಾಯಿತಿ ಸೇರುತ್ತದೆ. ಶೈಲಜಾ ನಕ್ಕು, ಅದು ಇಲ್ಲಿಯ ಪದ್ಧತಿ, ನೀವೂ ಬೀಸಿಬಿಡಿ ಎಂದಳು. ನಾನು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡೆ.

ಊಟವಾದ ಮೇಲೆ ಪಾತ್ರೆ ಒರೆಸುತ್ತ ಅವಳು ದನಿ ತಗ್ಗಿಸಿದಳು. ನಾನು ಬಂದ ಕಾರಣ ಅವಳಿಗೆ ಗೊತ್ತಿತ್ತು. ನನ್ನ ತಂಗಿ ನಸೀಮಾಳ ಮಗಳು ಸನಾಗೆ ಒಂಬತ್ತು ವರ್ಷ. ಮೂರನೆಯ ತರಗತಿ. ಚುರುಕಾದ ಹುಡುಗಿ, ಆದರೆ ಓದಲು ಬರುವುದಿಲ್ಲ. ಶಾಲೆಯವರು ಏನೇನೋ ಪರೀಕ್ಷೆ ಮಾಡಿ, ಇದು ಕಲಿಕೆಯ ತೊಂದರೆ ಇರಬಹುದು, ಮೇ ತಿಂಗಳಲ್ಲಿ ಸಭೆ ಸೇರೋಣ, ಒಪ್ಪಿದರೆ ವಿಶೇಷ ಪಾಠ ಶುರು ಮಾಡುತ್ತೇವೆ ಎಂದು ಪತ್ರ ಕಳಿಸಿದ್ದರು. ನಸೀಮಾ ಹೆದರಿ ನನಗೆ ಫೋನ್ ಮಾಡಿ, ನೀನು ಟೀಚರ್, ರಜೆಗೆ ಬಂದು ನನ್ನ ಪಕ್ಕ ಕೂತುಕೋ ಎಂದಿದ್ದಳು.

"ಅಕ್ಕಾ, ಅವ್ರು ತುಂಬಾ ನೈಸಾಗಿ ಮಾತಾಡ್ತಾರೆ. ಸೈನ್ ಮಾತ್ರ ಮಾಡ್ಸ್‌ಬೇಡಿ," ಎಂದಳು ಶೈಲಜಾ. "ಒಂದ್ಸಲ ಸ್ಪೆಷಲ್ ಎಜುಕೇಶನ್ ಅಂತ ಫೈಲಲ್ಲಿ ಬಿದ್ರೆ ಮುಗೀತು. ಕಾಲೇಜ್‌ವರೆಗೂ ಅಂಟ್ಕೊಂಡಿರತ್ತೆ."

ಯಾರ ಮಗುವಿಗೆ ಹಾಗಾಯಿತು ಎಂದು ಕೇಳಿದೆ. ಯಾರಿಗೋ ಆಯಿತಂತೆ, ಹೆಸರು ಗೊತ್ತಿಲ್ಲ. ಸಾಕ್ಷಿ ಇಲ್ಲದ ಮಾತನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಇದು ನನ್ನ ಅನುಮಾನಕ್ಕೆ ಅನುಕೂಲವಾಗಿತ್ತು, ಒಪ್ಪಿಬಿಟ್ಟೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಹೇಳಿ ಮಲಗಿದೆ.

ದಾರಿಯಲ್ಲಿ ಹೋದ ಒಂದು ಗಂಟೆ

ನೇಪರ್‌ವಿಲ್‌ನಿಂದ ವಿಕ್ಸಮ್‌ಗೆ ಮುನ್ನೂರು ಮೈಲಿಯಾಗುತ್ತದೆ. ಮಿಷಿಗನ್ ಸೀಮೆಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ನನ್ನ ಕೈಗಡಿಯಾರದಲ್ಲಿ ಹನ್ನೊಂದು, ಪೆಟ್ರೋಲ್ ಬಂಕಿನ ಗೋಡೆಯಲ್ಲಿ ಹನ್ನೆರಡು. ಬಂಕಿನ ಗಡಿಯಾರ ಕೆಟ್ಟಿದೆ ಎಂದೆ. ಮುಂದಿನ ಊಟದಂಗಡಿಯಲ್ಲೂ ಅದೇ. ಇಲ್ಲಿ ಗಡಿ ದಾಟಿದರೆ ಒಂದು ಗಂಟೆ ಮುಂದೆ ಹೋಗುತ್ತದೆ ಎಂದು ಇಲಿಯಾಸ್ ವಿವರಿಸಿದ. ಒಂದೇ ದೇಶ, ಒಂದೇ ರಸ್ತೆ, ಕಾರಿನಲ್ಲಿ ಕೂತಲ್ಲೇ ನನ್ನ ಆಯುಸ್ಸಿನ ಒಂದು ಗಂಟೆ ಕಿತ್ತುಕೊಂಡರಲ್ಲ ಎಂದು ಬಹಳ ದೂರದವರೆಗೆ ಗೊಣಗಿದೆ.

ಇಲಿಯಾಸ್ ಮನೆಯಲ್ಲಿ ಮೂಕ. ಸ್ಟಿಯರಿಂಗ್ ಹಿಡಿದಾಗ ಮಾತ್ರ ಮಾತು ಬರುತ್ತದೆ, ಏಕೆಂದರೆ ಆಗ ಯಾರ ಮುಖವನ್ನೂ ನೋಡಬೇಕಿಲ್ಲ. ಸನಾಳ ಮೂರು ದೇಶಗಳ ಕಥೆಯನ್ನು ಅವನು ರಸ್ತೆ ನೋಡುತ್ತಲೇ ಹೇಳಿದ.

ಮಗು ಶಾಲೆಗೆ ಸೇರಿದ್ದು ಜರ್ಮನಿಯಲ್ಲಿ, ಇವನ ಕೆಲಸ ಸ್ಟುಟ್‌ಗಾರ್ಟ್ ಹತ್ತಿರ ಇದ್ದಾಗ. ಒಂದು ವರ್ಷವಾದ ಮೇಲೆ ಅಲ್ಲಿಯ ಟೀಚರ್ ಕರೆದು, ಇವಳಿಗೆ ಈ ಶಾಲೆ ಕಷ್ಟ, ನಿಧಾನವಾಗಿ ಕಲಿಯುವ ಮಕ್ಕಳಿಗೆಂದೇ ಬೇರೆ ಶಾಲೆ ಇದೆ, ಅಲ್ಲಿ ತರಗತಿ ಚಿಕ್ಕದು, ಟೀಚರು ತರಬೇತಿ ಪಡೆದವರು ಎಂದರಂತೆ. ಒಳ್ಳೆಯ ಮಾತಿನಲ್ಲೇ ಹೇಳಿದರು. ಆದರೆ ಬೇರೆ ಶಾಲೆ, ಬೇರೆ ಗೇಟು. ನಸೀಮಾ ಅತ್ತು ಬೇಡವೆಂದಳು. ಅಷ್ಟರಲ್ಲಿ ಇಂಗ್ಲೆಂಡಿಗೆ ವರ್ಗವಾಯಿತು. ಅಲ್ಲಿ ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ. ಸನಾ ಪಕ್ಕದಲ್ಲಿ ವಾರಕ್ಕೆ ಕೆಲವು ಗಂಟೆ ಕೂರಲು ಒಬ್ಬ ಹೆಂಗಸನ್ನು ಇಟ್ಟರು. ಬಹಳ ಪ್ರೀತಿಯ ಹೆಂಗಸು. ಸನಾಗೆ ಓದಲು ಬಾರದಿದ್ದದ್ದನ್ನೆಲ್ಲ ತಾನೇ ಓದಿ ಹೇಳಿಬಿಡುತ್ತಿದ್ದಳು. ಒಂದೂವರೆ ವರ್ಷದಲ್ಲಿ ಮಗು ಕಲಿತದ್ದು ಚೆನ್ನಾಗಿ ಚಿತ್ರ ಬಿಡಿಸುವುದು, ಮಾತುಮಾತಿಗೆ ಸಾರಿ ಎನ್ನುವುದು.

"ಜರ್ಮನಿಲಿ ಭಾಷೆ ಬರಲ್ಲ ಅದ್ಕೆ ಅಂದ್ರು. ಇಂಗ್ಲೆಂಡಲ್ಲಿ ಜರ್ಮನಿಯಿಂದ ಬಂದಿದಾಳೆ ಅದ್ಕೆ ಅಂದ್ರು," ಎಂದ ಇಲಿಯಾಸ್. "ಊರಲ್ಲಿ ಅಮ್ಮಿ, ದೊಡ್ಡೋಳಾದ್ಮೇಲೆ ಸರಿ ಹೋಗ್ತಾಳೆ ಅಂತಾರೆ. ಈಗ ಇವ್ರೊಂದು ಹೇಳ್ತಿದಾರೆ. ಯಾರನ್ನ ನಂಬೋದು ಆಪಾ?"

ತಂಗಿಯ ಹಾಗೆ ಅವನಿಗೂ ನಾನು ಆಪಾ, ಅಂದರೆ ಅಕ್ಕ. ಯಾರನ್ನೂ ನಂಬಬೇಡ ಎಂದೆ. ಇಪ್ಪತ್ತಾರು ವರ್ಷದ ಅನುಭವದಿಂದ ನಾನು ಕೊಡಬಹುದಾಗಿದ್ದ ಸಲಹೆ ಅದೊಂದೇ.

ವಿಕ್ಸಮ್, ಮೊದಲ ವಾರ

ಸನಾ ನನ್ನನ್ನು ನೋಡಿದ್ದೇ ಖಾಲಾ ಎಂದು, ಅಂದರೆ ದೊಡ್ಡಮ್ಮ ಎಂದು, ಸೊಂಟ ತಬ್ಬಿಕೊಂಡಳು. ಕನ್ನಡ ಅರ್ಥವಾಗುತ್ತದೆ, ಉರ್ದು ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಯ ಯಾವ ವಸ್ತು ಎಲ್ಲಿದೆ ಎಂದು ಅವಳಿಗೆ ಗೊತ್ತು. ವಿಮಾನದಲ್ಲಿ ನನಗೆ ಏನೇನು ಊಟ ಕೊಟ್ಟರು ಎಂದು ಮೊದಲ ದಿನ ಹೇಳಿದ್ದನ್ನು ಮೂರನೆಯ ದಿನ ಅನುಕ್ರಮವಾಗಿ ನನಗೇ ಒಪ್ಪಿಸಿದಳು. ಇಂಥ ಹುಡುಗಿಗೆ ತೊಂದರೆ ಎಂದವರ ಕಣ್ಣಿನಲ್ಲೇ ಏನೋ ತೊಂದರೆ ಇರಬೇಕು ಎಂದುಕೊಂಡೆ.

ಬೆಳಿಗ್ಗೆ ಹಳದಿ ಬಸ್ಸು ಬಂದು ನಿಂತರೆ ಅದರ ಪಕ್ಕೆಯಿಂದ ಕೆಂಪು ಫಲಕವೊಂದು ಕೈಯಂತೆ ಚಾಚಿಕೊಳ್ಳುತ್ತದೆ. ರಸ್ತೆಯ ಎರಡೂ ಕಡೆಯ ಕಾರುಗಳು ನಿಂತುಬಿಡುತ್ತವೆ. ಒಂದು ಮಗು ಹತ್ತುವುದಕ್ಕೆ ಹದಿನೈದು ಕಾರು ನಿಲ್ಲುತ್ತವೆ, ಒಂದೂ ಹಾರನ್ ಹೊಡೆಯುವುದಿಲ್ಲ. ಹರಿಹರದ ಹಳೇ ಸೇತುವೆಯ ಮೇಲೆ ಶಾಲೆಯ ಮಕ್ಕಳು ಲಾರಿಗಳ ನಡುವೆ ನುಸುಳುವುದನ್ನು ನೋಡಿದವಳು ನಾನು. ಮಕ್ಕಳ ಮೇಲೆ ಇಷ್ಟು ಅಕ್ಕರೆ ತೋರಿಸುವವರಿಗೆ ಅವರಿಂದ ಏನು ಬೇಕಾಗಿದೆ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ?

ನಸೀಮಾ ಶಾಲೆಯ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಅದರಲ್ಲೊಂದು ಪುಸ್ತಿಕೆ ಇತ್ತು. ಶಾಲೆಯ ತೀರ್ಮಾನ ನಿಮಗೆ ಒಪ್ಪಿಗೆಯಾಗದಿದ್ದರೆ ನಮ್ಮ ವಿರುದ್ಧ ಎಲ್ಲಿ, ಹೇಗೆ ದೂರು ಕೊಡಬೇಕು ಎಂದು ಶಾಲೆಯವರೇ ಕೊಟ್ಟ ಪುಸ್ತಿಕೆ. ಬೇಕಿದ್ದರೆ ಸಭೆಗೆ ಕನ್ನಡದ ದುಭಾಷಿಯನ್ನೂ ಕರೆಸುತ್ತೇವೆ ಎಂದು ಬರೆದಿದ್ದರು. ನಾನು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದೆ. ತನ್ನ ಮೇಲೆ ಕೇಸು ಹಾಕುವುದು ಹೇಗೆಂದು ತಾನೇ ಹೇಳಿಕೊಡುವ ಇಲಾಖೆಯನ್ನು ನಾನು ಕಂಡಿರಲಿಲ್ಲ. ಇದರ ಹಿಂದೆ ದೊಡ್ಡ ಮೋಸವೇ ಇದೆ ಎಂಬುದು ನನಗೆ ಆಗ ಖಚಿತವಾಯಿತು.

"ಕಂದು ಬಣ್ಣದ ಮಗು, ಸಾಬರ ಹೆಸರು. ಹಿಂದಿನ ಬೆಂಚಿಗೆ ಹಾಕೋಕೆ ಇಷ್ಟು ಕಾಗದ," ಎಂದೆ. "ಇವಳಿಗೆ ಯಾವ ತೊಂದ್ರೆನೂ ಇಲ್ಲ. ಕೂರ್ಸಿ ಓದ್ಸೋರು ಇಲ್ಲ, ಅಷ್ಟೇ. ಹದಿನೈದು ದಿನ ನನಗೆ ಬಿಡು."

ನಸೀಮಾಳ ಮುಖ ಅರಳಿತು. ಅವಳು ಹಲವು ವರ್ಷಗಳಿಂದ ಇಂಥ ಒಂದು ಮಾತಿಗಾಗಿ ಕಾದಿದ್ದಳು ಎಂದು ನನಗೆ ಅರ್ಥವಾದದ್ದು ಆಮೇಲೆ.

ವಿಕ್ಸಮ್, ನನ್ನ ಶಾಲೆ

ಪ್ರತಿ ಸೋಮವಾರ ತರಗತಿಯ ಟೀಚರ್ ಒಂದು ತೆಳು ಪುಸ್ತಕವನ್ನು ಮನೆಗೆ ಕಳಿಸುತ್ತಿದ್ದರು. ಶುಕ್ರವಾರ ಮಗು ಅದನ್ನು ಅವರ ಮುಂದೆ ಗಟ್ಟಿಯಾಗಿ ಓದಬೇಕು. ಅವರು ಪಕ್ಕದಲ್ಲಿ ಕೂತು ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಸನಾಳ ಹಾಳೆಗಳಲ್ಲಿ ಗುರುತುಗಳೇ ತುಂಬಿದ್ದವು.

ನಾನು ನಮ್ಮೂರ ಪದ್ಧತಿ ಹಿಡಿದೆ. ಕೈಕಾಲು ತೊಳೆದು, ನೆಲದ ಮೇಲೆ ಚಾಪೆ ಹಾಕಿ, ಬೆನ್ನು ನೆಟ್ಟಗೆ. ನಾನು ಒಂದು ಸಾಲು ಓದುವುದು, ಅವಳು ಅದೇ ಸಾಲಿನ ಮೇಲೆ ಬೆರಳಿಟ್ಟು ಹೇಳುವುದು. ಮೂರು ಸಲ. ಆಮೇಲೆ ಎರಡು ಸಾಲು, ಆಮೇಲೆ ಪುಟ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಮ್ಮೆ, ಶಾಲೆಯಿಂದ ಬಂದು ಹಾಲು ಕುಡಿದ ಮೇಲೆ ಒಮ್ಮೆ, ಊಟಕ್ಕೆ ಮೊದಲು ಒಮ್ಮೆ. ಹೀಗೆಯೇ ನಾನು ಸಾವಿರ ಮಕ್ಕಳಿಗೆ ಪದ್ಯ ಕಲಿಸಿದ್ದೇನೆ. ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿ ಅವಳು ಮುಸಿಮುಸಿ ನಗುತ್ತಿದ್ದಳು, ಆದರೆ ಹೇಳುತ್ತಿದ್ದಳು. ಹಸಿ ಗೋಡೆಗೆ ಹರಳು ಒತ್ತಿದ ಹಾಗೆ ಪ್ರತಿ ಮಾತೂ ಕೂರುತ್ತಿತ್ತು.

ಮೊದಲ ಶುಕ್ರವಾರ ಅವಳ ಹಾಳೆಯಲ್ಲಿ ಎರಡೇ ಗುರುತು ಬಂದವು. ಎರಡನೆಯ ಶುಕ್ರವಾರ ಒಂದೂ ಇಲ್ಲ. ಹಾಳೆಯ ಮೇಲೆ ಹೊಳೆಯುವ ನಕ್ಷತ್ರ ಅಂಟಿಸಿ, ಮನೆಯಲ್ಲಿ ಏನು ಮಾಡುತ್ತಿದ್ದೀರೋ ಅದನ್ನೇ ಮುಂದುವರಿಸಿ ಎಂದು ಟೀಚರ್ ಬರೆದಿದ್ದರು. ನಸೀಮಾ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದಳು. ಇಲಿಯಾಸ್ ಹರಿಹರಕ್ಕೆ ಫೋನ್ ಮಾಡಿ ತನ್ನ ತಾಯಿಗೆ, ಆಪಾ ಬಂದು ಹದಿನೈದು ದಿನದಲ್ಲಿ ಸನಾಳನ್ನು ಓದಿಸಿದರು ಎಂದ. ಜರ್ಮನಿಗೆ ಆಗದ್ದು, ಇಂಗ್ಲೆಂಡಿಗೆ ಆಗದ್ದು ಹರಿಹರದ ಕನ್ನಡ ಮೇಡಂಗೆ ಆಯಿತು ಎಂದು ನಾನೂ ಒಳಗೊಳಗೇ ಉಬ್ಬಿದೆ. ಸುಳ್ಳೇಕೆ, ಹೊರಗೂ ಉಬ್ಬಿದೆ.

ಭಾನುವಾರ ಬೆಳಿಗ್ಗೆ

ಸಭೆ ಗುರುವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಮುಂಚಿನ ಭಾನುವಾರ ತಿಂಡಿಯ ಹೊತ್ತಿಗೆ ಸನಾ ಅಪ್ಪನ ತೊಡೆಗೆ ಒರಗಿ ಕಳೆದುಹೋದ ನಾಯಿಯ ಪುಸ್ತಕವನ್ನು ಓದಿ ತೋರಿಸುತ್ತಿದ್ದಳು. ಇಲಿಯಾಸ್ ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಅವರ ಬೆನ್ನ ಹಿಂದೆ ಚಹಾ ಹಿಡಿದು ನಿಂತಿದ್ದೆ. ಬೆನ್ನ ಹಿಂದೆ ನಿಲ್ಲುವುದು ನನ್ನ ಹಳೆಯ ಅಭ್ಯಾಸ.

ಹಿಂದಿನ ದಿನದ ಜೇನುತುಪ್ಪ ಅಂಟಿ ಎರಡು ಹಾಳೆ ಕೂಡಿಕೊಂಡಿದ್ದವು. ಸನಾ ಎರಡನ್ನೂ ಒಟ್ಟಿಗೆ ಮಗುಚಿದಳು. ಕಣ್ಣೆದುರಿಗೆ ನಾಯಿ ಮನೆಗೆ ಬಂದಿತ್ತು. ಅವಳ ಬಾಯಲ್ಲಿ ಅದು ಇನ್ನೂ ಮಳೆಯಲ್ಲಿ ಅಂಗಡಿಯ ಸೂರಿನ ಕೆಳಗೆ ನಡುಗುತ್ತಿತ್ತು. ಅಂಟಿಕೊಂಡ ಪುಟಗಳನ್ನು ಅವಳು ಒಂದು ಅಕ್ಷರ ಬಿಡದೆ ಹೇಳಿದಳು, ಬೆರಳನ್ನೂ ಸಾಲಿನಿಂದ ಸಾಲಿಗೆ ಸರಿಸುತ್ತಲೇ ಇದ್ದಳು. ಇಲಿಯಾಸ್‌ಗೆ ಗೊತ್ತಾಗಲಿಲ್ಲ, ಅವನ ಕಣ್ಣು ಮಂಜಾಗಿತ್ತು. ನನ್ನ ಚಹಾ ಬಸಿಗೆ ಚೆಲ್ಲಿತು.

ಆಮೇಲೆ ಅವಳನ್ನು ಹಿತ್ತಲಿಗೆ ಕರೆದೊಯ್ದು, ಅವಳು ಎಂದೂ ನೋಡಿರದ ಒಂದು ಪುಸ್ತಕವನ್ನು ಕೈಗಿತ್ತೆ. ಅವಳು ಪುಟ ತೆರೆದು, ಬೆನ್ನು ನೆಟ್ಟಗೆ ಮಾಡಿ, ಬೆರಳಿಟ್ಟು, ನನ್ನ ಬಾಯಿಯನ್ನು ನೋಡುತ್ತ ಕೂತಳು. ಓದು ಎಂದೆ. ಅವಳಿಗೆ ನನ್ನ ಮಾತೇ ವಿಚಿತ್ರವಾಗಿ ಕೇಳಿಸಿತು.

"ಯೂ ಸೇ ಇಟ್ ಫಸ್ಟ್, ಖಾಲಾ," ಎಂದಳು. "ದೆನ್ ಐ ರೀಡ್ ಇಟ್."

ಅವಳು ನನಗೆ ಮೋಸ ಮಾಡುತ್ತಿರಲಿಲ್ಲ. ಓದುವುದೆಂದರೆ ಇದೇ ಎಂದು ನಾನೇ ಹೇಳಿಕೊಟ್ಟಿದ್ದೆ, ಅವಳು ನಂಬಿದ್ದಳು. ಸಾಲಿನ ಮೊದಲ ಪದವನ್ನು ನಾನು ಹೇಳಿದೆ. ಎರಡನೆಯದನ್ನು ಅವಳು ಊಹಿಸಿದಳು, ತಪ್ಪಾಯಿತು. ಮೂರನೆಯದಕ್ಕೆ ಸಾರಿ ಎಂದಳು. ನಾನು ಪುಸ್ತಕ ಮುಚ್ಚಿ, ಹೋಗಿ ಆಡಿಕೋ ಎಂದೆ.

ಅವಳು ಹೋದ ಮೇಲೆ ನನಗೆ ಒಂಬತ್ತನೆಯ ತರಗತಿಯ ಮಂಜುಳಾ ನೆನಪಾದಳು. ಪಠ್ಯದ ಪದ್ಯಗಳನ್ನೆಲ್ಲ ರಾಗವಾಗಿ ಹೇಳುತ್ತಿದ್ದ ಹುಡುಗಿ. ಬರೆಯಲು ಕೂರಿಸಿದರೆ ತನ್ನ ಹೆಸರಿನ ಅಕ್ಷರಗಳೂ ತಪ್ಪು. ಬಾಯಿಗೆ ಬರುವುದು ಕೈಗೆ ಯಾಕೆ ಬರುವುದಿಲ್ಲ, ಇದು ಕೊಬ್ಬು ಎಂದು ನಾನು ಬೈದಿದ್ದೆ. ಇಂಥವರನ್ನು ಹತ್ತನೆಯ ತರಗತಿಗೆ ಬಿಟ್ಟರೆ ಶಾಲೆಯ ಫಲಿತಾಂಶ ಇಳಿಯುತ್ತದೆ. ಆದ್ದರಿಂದ ಒಂಬತ್ತರಲ್ಲೇ ತಂದೆತಾಯಿಯನ್ನು ಕರೆಸಿ, ಟಿಸಿ ಬರೆದು ಕೈಗೆ ಕೊಡುವುದು ಅನೇಕ ಶಾಲೆಗಳಲ್ಲಿ ನಡೆಯುವ ಕೆಲಸ. ಮಂಜುಳಾಳ ತಾಯಿಗೆ ಹೆಬ್ಬೆಟ್ಟು ಒತ್ತಬೇಕಾದ ಜಾಗ ತೋರಿಸಿದವಳು ನಾನು. ಆ ವರ್ಷ ಕನ್ನಡದಲ್ಲಿ ನಮ್ಮದು ನೂರಕ್ಕೆ ನೂರು, ನನಗೆ ಶಾಲು ಹೊದಿಸಿದ್ದರು.

ಇಷ್ಟು ತಿಳಿದ ಮೇಲೆ ನೇರ ಅಡುಗೆಮನೆಗೆ ಹೋಗಿ ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ಪುಸ್ತಕ ಗುರುವಾರದೊಳಗೆ ಮುಗಿಸಿಬಿಡು ಆಪಾ, ಸಭೆಯಲ್ಲಿ ಅವರ ಬಾಯಿ ಮುಚ್ಚಬೇಕು ಎಂದು ನಸೀಮಾ ಕೇಳಿದಳು. ಸೋಮವಾರ ನಾನು ಮತ್ತೆ ಚಾಪೆ ಹಾಸಿದೆ. ಮಾನ ಹೋಗುತ್ತದೆಂಬ ಭಯ ಒಂದು ಕಡೆ, ಆ ಕಾಗದಕ್ಕೆ ಸಹಿ ಬಿದ್ದರೆ ಮಗು ಎಲ್ಲಿಗೆ ಹೋಗುತ್ತದೋ ಎಂಬ ಅನುಮಾನ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದಿತ್ತೆಂದು ಈಗಲೂ ನನಗೆ ಪ್ರಾಮಾಣಿಕವಾಗಿ ಹೇಳಲಾಗದು. ಬುಧವಾರ ಸಂಜೆಗೆ ಹೊಸ ಪುಸ್ತಕವೂ ಬಾಯಿಗೆ ಬಂತು.

ಎಂಟು ಜನರ ಮೇಜು

ಶಾಲೆಯ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ನಮ್ಮ ಕಡೆ ಮೂವರು, ಅವರ ಕಡೆ ಐವರು: ಮುಖ್ಯೋಪಾಧ್ಯಾಯರು, ತರಗತಿಯ ಟೀಚರ್, ಮನಶ್ಶಾಸ್ತ್ರ ಬಲ್ಲವರು, ಮಕ್ಕಳ ತೊದಲು ಮಾತು ತಿದ್ದುವವರು, ಓದಿನ ತೊಂದರೆಯ ಮಕ್ಕಳಿಗೆ ಕಲಿಸುವ ಮಿಸೆಸ್ ಕೊವಾಲ್ಸ್ಕಿ. ಒಂದು ಮಗುವಿನ ಓದಿಗೆ ಐದು ಜನ ಸಂಬಳದವರು! ನಮ್ಮಲ್ಲಿ ಅರವತ್ತು ಮಕ್ಕಳಿಗೆ ನಾನೊಬ್ಬಳು. ಮೇಜಿನ ನಡುವೆ ಕಣ್ಣೊರೆಸುವ ಕಾಗದದ ಡಬ್ಬಿ ಇತ್ತು. ಅಳಿಸುವುದೆಂದು ಇವರು ಮೊದಲೇ ನಿರ್ಧರಿಸಿದ್ದಾರೆ ಎಂದು ನಾನು ನಸೀಮಾಳ ಕಿವಿಯಲ್ಲಿ ಹೇಳಿ, ಡಬ್ಬಿಯನ್ನು ಅವರ ಕಡೆಗೇ ತಳ್ಳಿದೆ.

ಮೊದಲು ತರಗತಿಯ ಟೀಚರ್ ಮಾತಾಡಿದರು. ಎರಡು ವಾರಗಳಲ್ಲಿ ಸನಾ ತಮ್ಮನ್ನು ಬೆರಗುಗೊಳಿಸಿದ್ದಾಳೆ ಎಂದು ಹಾಳೆಗಳನ್ನು ತೋರಿಸಿದರು. ಮಿಸೆಸ್ ಕೊವಾಲ್ಸ್ಕಿಗೆ ಅರವತ್ತರ ಹತ್ತಿರ. ದಪ್ಪ ಕನ್ನಡಕ, ನಗು ಕಡಿಮೆ. ಅಲ್ಲಿದ್ದವರಲ್ಲಿ ನನಗೆ ಮೊದಲ ನೋಟಕ್ಕೆ ಅರ್ಥವಾದವರು ಅವರೊಬ್ಬರೇ, ಏಕೆಂದರೆ ಅವರೂ ನನ್ನ ಹಾಗೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವ ಜಾತಿ. ತಾವು ನೆನಪಿನಿಂದ ಹೇಳಲಾಗದ, ಅರ್ಥವಿಲ್ಲದ ಪುಟ್ಟ ಪದಗಳನ್ನು ಕೊಟ್ಟು ಪರೀಕ್ಷಿಸಿದಾಗ ಸನಾ ಹೆಚ್ಚುಕಡಿಮೆ ಒಂದನ್ನೂ ಓದಲಿಲ್ಲ, ಪುಸ್ತಕವನ್ನು ಹೇಗೆ ತಪ್ಪಿಲ್ಲದೆ ಓದಿದಳು, ಇವೆರಡೂ ಒಟ್ಟಿಗೆ ಕೂರುತ್ತಿಲ್ಲ ಎಂದರು. ಮನೆಯಲ್ಲಿ ಅವಳ ಜೊತೆ ಓದುವವರು ಯಾರು ಎಂದು ಕೇಳಿದರು.

ನಸೀಮಾ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ನನ್ನನ್ನು ನೋಡಿ ನಕ್ಕರು. ಮನಶ್ಶಾಸ್ತ್ರದವರು, ತರಗತಿಯಲ್ಲಿ ಇಷ್ಟು ಚೆನ್ನಾಗಿ ಓದುತ್ತಿದ್ದರೆ ಅವಸರ ಬೇಡ, ಬೇಸಿಗೆ ರಜೆ ಮುಗಿದ ಮೇಲೆ ಮತ್ತೆ ನೋಡಬಹುದು, ತಂದೆತಾಯಿಯ ಇಷ್ಟ ಎಂದರು. ಮೇಜಿನ ಕೆಳಗೆ ನಸೀಮಾ ನನ್ನ ಮೊಣಕಾಲು ಹಿಡಿದು ಒತ್ತಿದಳು. ಬೇಡ ಎನ್ನಲು ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

ಪರೀಕ್ಷೆಯಲ್ಲಿ ಮಕ್ಕಳನ್ನು ಹಿಡಿದಾಗ ಅವರ ಬಾಯಿ ಹೇಗೆ ಒಣಗುತ್ತದೆಂದು ಆ ಹೊತ್ತಿಗೆ ನನಗೆ ತಿಳಿಯಿತು. ನನ್ನನ್ನು ಯಾರೂ ಹಿಡಿದಿರಲಿಲ್ಲ. ನಾನೇ ಎದ್ದು ನಿಂತೆ.

"ಮೇಡಂ, ಶಿ ಈಸ್ ನಾಟ್ ರೀಡಿಂಗ್," ಎಂದೆ. "ಐ ಮೇಡ್ ಹರ್ ಬೈಹಾರ್ಟ್. ಫುಲ್ ಬುಕ್. ಇಟ್ ಈಸ್ ಮೈ ಮಿಸ್ಟೇಕ್."

"ಆಪಾ, ಏನ್ ಹೇಳ್ತಿದೀಯಾ ನೀನು?" ಎಂದಳು ನಸೀಮಾ. ಬೇರೆಯವರೆದುರು ನಾವು ಇಂಗ್ಲಿಷ್ ಬಿಟ್ಟು ಕನ್ನಡ ಆಡುವುದು ಜಗಳವಿದ್ದಾಗ ಮಾತ್ರ.

ಅಂಟಿದ ಹಾಳೆಗಳಿಂದ ಹಿಡಿದು ಎಲ್ಲವನ್ನೂ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಇಲಿಯಾಸ್ ತಲೆ ತಗ್ಗಿಸಿದ. ಬೈಗುಳಕ್ಕೆ ಕಾದು ನಿಂತೆ, ಯಾರೂ ಬೈಯಲಿಲ್ಲ. ಮಿಸೆಸ್ ಕೊವಾಲ್ಸ್ಕಿ ಹೊಗಳಲೂ ಇಲ್ಲ. ಪೆನ್ನು ತೆಗೆದು, ದಿನಕ್ಕೆ ಎಷ್ಟು ಸಾಲು, ಎಷ್ಟು ಸಲ ಹೇಳಿಸಿದರೆ ಕೂರುತ್ತಿತ್ತು, ಎಷ್ಟು ದಿನ ಉಳಿಯುತ್ತಿತ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಅವರ ನಮೂನೆಯಲ್ಲಿ ಮಗುವಿನ ಬಲ ಎಂಬ ಒಂದು ಜಾಗವಿತ್ತು. ಕೇಳಿದ್ದನ್ನು ಅಸಾಧಾರಣವಾಗಿ ನೆನಪಿಡುತ್ತಾಳೆ ಎಂದು ಅಲ್ಲಿ ತುಂಬಿದರು. ನನ್ನ ತಪ್ಪನ್ನು ನನ್ನ ಕಣ್ಣೆದುರೇ ಮಗುವಿನ ಹೆಸರಿಗೆ ಜಮೆ ಮಾಡಿದಂತಾಯಿತು.

ನಸೀಮಾ ಆಗ ಅತ್ತಳು. ಮಾತು ತಿದ್ದುವವರು ಡಬ್ಬಿಯನ್ನು ಈ ಕಡೆಗೆ ಸರಿಸಿದರು, ಈ ಸಲ ನಾನು ಅದನ್ನು ತಿರುಗಿ ತಳ್ಳಲಿಲ್ಲ. ಅತ್ತು ಮುಗಿದ ಮೇಲೆ ಅವಳು ಒಂದೊಂದೇ ಪ್ರಶ್ನೆ ಕೇಳಿದಳು. ಬೇರೆ ಶಾಲೆಯೇ? ಅಲ್ಲ, ಇದೇ ಶಾಲೆ, ದಿನಕ್ಕೆ ನಲವತ್ತು ನಿಮಿಷ ಆ ಕೋಣೆ, ಉಳಿದ ಹೊತ್ತು ತನ್ನ ತರಗತಿ. ಪಕ್ಕದಲ್ಲಿ ಕೂತು ಅವಳ ಬದಲು ಓದುವರೇ? ಇಲ್ಲ, ಅವಳೇ ಓದುವಂತೆ ಕಲಿಸುತ್ತೇವೆ, ನಿಧಾನವಾಗುತ್ತದೆ. ಬೇಡವೆನಿಸಿದರೆ? ನೀವು ಬರೆದುಕೊಟ್ಟ ದಿನ ನಿಲ್ಲಿಸುತ್ತೇವೆ. ಪ್ರತಿ ಉತ್ತರವನ್ನೂ ನಾನು ಕಾಗದದಲ್ಲಿ ಹುಡುಕಿ, ಹಾಗೆಯೇ ಬರೆದಿದೆಯೇ ಎಂದು ನೋಡಿದೆ. ಅಷ್ಟರಮಟ್ಟಿಗೆ ನಾನು ಬದಲಾಗಿರಲಿಲ್ಲ. ಬರೆದಿತ್ತು. ನಸೀಮಾ ಸಹಿ ಮಾಡಿದಳು, ಆಮೇಲೆ ಇಲಿಯಾಸ್.

ಕಾರಿನಲ್ಲಿ ನಸೀಮಾ ನನ್ನ ಕಡೆ ತಿರುಗಲಿಲ್ಲ.

"ಭಾನುವಾರದಿಂದ ಗೊತ್ತಿತ್ತಲ್ಲ ನಿಂಗೆ," ಎಂದಳು. "ನಾನು ಬೇಡ ಅಂದು ಎದ್ದು ಬಂದಿದ್ರೆ?"

ಎರಡು ದಿನ ಅವಳು ನನಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಮೂರನೆಯ ದಿನ ಮಂಡಕ್ಕಿಗೆ ಒಗ್ಗರಣೆ ಹಾಕಿ, ಖಾರ ಸಾಕಾ ನೋಡು ಎಂದಳು.

ಪುಟ್ಟ ಕೋಣೆ

ನಾನು ಊರಿಗೆ ಹೊರಡುವ ಮುನ್ನ ಒಂದು ದಿನ ಮಿಸೆಸ್ ಕೊವಾಲ್ಸ್ಕಿ ತಮ್ಮ ಪಾಠ ನೋಡಲು ನನ್ನನ್ನು ಕರೆದರು. ಆ ಕೋಣೆ ಕತ್ತಲೆಯ ಉಗ್ರಾಣವಿರುತ್ತದೆ, ಹೊರಗಿನಿಂದ ಚಿಲಕವಿರುತ್ತದೆ ಎಂದುಕೊಂಡೇ ಹೋದೆ. ಬಾಗಿಲನ್ನು ಎರಡೂ ಕಡೆಯಿಂದ ತಡಕಿ ನೋಡಿದೆ. ಚಿಲಕವಿರಲಿಲ್ಲ. ದೊಡ್ಡ ಕಿಟಕಿ, ಮೇಜು, ಅಕ್ಷರ ಬರೆದ ಬಿಲ್ಲೆಗಳು, ಇಬ್ಬರು ಮಕ್ಕಳು, ಅವರಲ್ಲಿ ಒಬ್ಬಳು ಸನಾ. ಒಂದು ಅಕ್ಷರಕ್ಕೆ ಒಂದು ಸದ್ದು, ಆ ಬಿಲ್ಲೆಯನ್ನು ಮುಂದೆ ಸರಿಸುತ್ತ ಆ ಸದ್ದನ್ನು ಹೇಳುವುದು, ಆಮೇಲೆ ಪಕ್ಕದ ಬಿಲ್ಲೆಯ ಸದ್ದಿಗೆ ಕೂಡಿಸುವುದು. ನಾಲ್ಕೈದು ಬಿಲ್ಲೆ ಸರಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ಇಷ್ಟು ಹೊತ್ತಿನಲ್ಲಿ ನಾನು ಎರಡು ಪದ್ಯ ಮುಗಿಸಿರುತ್ತಿದ್ದೆ.

ಕೊನೆಗೆ ಅವರು ಸನಾ ಮುಂದೆ ಒಂದು ಕಾಗದದ ಪಟ್ಟಿ ಇಟ್ಟರು. ದಪ್ಪ ಕಪ್ಪೆಯೊಂದು ದಿಮ್ಮಿಯ ಮೇಲೆ ಕೂತಿತ್ತು ಎಂಬಷ್ಟೇ ಅರ್ಥದ ಸಾಲು. ಅವಳು ಎಂದೂ ಕಂಡಿರದ ಸಾಲು. ಸನಾ ನನ್ನ ಬಾಯಿ ನೋಡಿದಳು. ನನ್ನ ತುಟಿ ತಾನಾಗಿಯೇ ತೆರೆಯಿತು. ಮಿಸೆಸ್ ಕೊವಾಲ್ಸ್ಕಿ ಬೆರಳನ್ನು ತಮ್ಮ ತುಟಿಗೆ ಒತ್ತಿ ನನ್ನನ್ನು ಸುಮ್ಮನಿರಿಸಿದರು. ಸನಾ ಪಟ್ಟಿಯ ಕಡೆ ಬಗ್ಗಿದಳು. ಒಂದು ಸದ್ದು, ಇನ್ನೊಂದು ಸದ್ದು, ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ. ಎರಡು ಕಡೆ ತಪ್ಪಿದಳು, ತಾನೇ ತಿದ್ದಿಕೊಂಡಳು, ಸಾರಿ ಎನ್ನಲಿಲ್ಲ. ಕಪ್ಪೆ ದಿಮ್ಮಿಯ ಮೇಲೆ ಕೂರುವ ಹೊತ್ತಿಗೆ ಅವಳ ಮೂಗಿನ ಮೇಲೆ ಬೆವರು ಮೂಡಿತ್ತು. ನನಗೆ ಅಳು ಬಂತು, ಹತ್ತಿರದಲ್ಲಿ ಯಾವ ಡಬ್ಬಿಯೂ ಇರಲಿಲ್ಲ.

ಪಾಠ ಮುಗಿದ ಮೇಲೆ ಅವಳನ್ನು ತರಗತಿಗೆ ಬಿಡಲು ಶಾಲೆಯ ಉದ್ದನೆಯ ಕಾರಿಡಾರಿನಲ್ಲಿ ನಡೆದೆವು. ಅವಳು ನನ್ನ ಕೈ ಹಿಡಿದಿದ್ದಳು. ನಿಮ್ಮ ಶಾಲೆಯಲ್ಲಿ ನನ್ನಂಥವರು ಇದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇದ್ದಾರೆ ಎಂದೆ. ಅವರಿಗೂ ಇಂಥ ಕೋಣೆ ಇದೆಯೇ ಎಂದಳು. ಇಲ್ಲ ಎಂದೆ. ಮತ್ತೆ ಅವರು ಏನು ಮಾಡುತ್ತಾರೆ ಎಂದಳು. ಸುಳ್ಳು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು.

"ಅವ್ರನ್ನ ಮನೆಗೆ ಕಳಿಸ್ಬಿಡ್ತಾರೆ," ಎಂದೆ.

"ಹೂ?" ಎಂದಳು. ಯಾರು ಕಳಿಸುವುದು ಎಂದು.

"ನಾನು," ಎಂದೆ.

ಅವಳು ಕೈ ಬಿಡಲಿಲ್ಲ. ಆದರೆ ತರಗತಿಯ ಬಾಗಿಲು ಬರುವವರೆಗೆ ಬೇರೇನೂ ಕೇಳಲಿಲ್ಲ.